ಗಡ್ಡೆಯೊಳಗೆ ಟಿ ಕೋಶಗಳಿದ್ದರೂ ಕ್ಯಾನ್ಸರ್ ಸಾಯುವುದಿಲ್ಲವೇಕೆ?

ಪ್ರಶ್ನೆ: ಬಯಾಪ್ಸಿಯಲ್ಲಿ ಸಿಡಿ8 ಟಿ ಕೋಶಗಳು (ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ರೋಗನಿರೋಧಕ ಕೋಶಗಳು) ಗಡ್ಡೆಯೊಳಗೇ ಕಾಣುತ್ತವೆ, ಆದರೂ ಗಡ್ಡೆ ಬೆಳೆಯುತ್ತಲೇ ಇದೆ. ಅವುಗಳ ಮೇಲೆ ಪಿಡಿ-1 (ಟಿ ಕೋಶಕ್ಕೆ ಬ್ರೇಕ್ ಹಾಕುವ ಗ್ರಾಹಕ) ಇದ್ದರೆ ಕೋಶ ಸುಸ್ತಾಗಿದೆ, ಅಂದರೆ ದೀರ್ಘ ಹೋರಾಟದಿಂದ ಕೆಲಸದ ಶಕ್ತಿ ಕಳೆದುಕೊಂಡಿದೆ ಎಂದು ತೀರ್ಮಾನಿಸಬಹುದೇ?

ಉತ್ತರ 1: ಅಷ್ಟರಿಂದಲೇ ಬೇಡ. ಆಗಷ್ಟೇ ಸಕ್ರಿಯವಾದ ಟಿ ಕೋಶವೂ ಪಿಡಿ-1 ತೋರಿಸುತ್ತದೆ. ಜೊತೆಗೆ ಇತರ ಬ್ರೇಕ್ ಗ್ರಾಹಕಗಳಾದ ಟಿಮ್-3, ಲ್ಯಾಗ್-3, ಕೋಶದೊಳಗೆ ಸುಸ್ತಿನ ಜೀನ್‌ಗಳನ್ನು ನಡೆಸುವ ಟಾಕ್ಸ್ ಪ್ರೋಟೀನ್ ನೋಡಿ. ಆಮೇಲೆ ಮತ್ತೆ ಉದ್ದೀಪಿಸಿ ಇಂಟರ್‌ಫೆರಾನ್-ಗ್ಯಾಮಾ, ಟಿಎನ್‌ಎಫ್ ಎಂಬ ಸೈಟೊಕೈನ್‌ಗಳನ್ನು (ಕೋಶ ಬಿಡುವ ಸಂಕೇತ ಪ್ರೋಟೀನ್‌ಗಳು) ಕೋಶದೊಳಗೇ ಅಳೆಯಿರಿ. ಸ್ರವಿಕೆ ತಡೆಯುವ ಬ್ರೆಫೆಲ್ಡಿನ್-ಎ ಹಾಕಲು ಮರೆತರೆ ಸೈಟೊಕೈನ್ ಹೊರಗೆ ಹರಿದುಹೋಗಿ, ಗಟ್ಟಿಮುಟ್ಟಾದ ಕೋಶವೂ ಸುಸ್ತಾದಂತೆ ಕಾಣುತ್ತದೆ. ವಿಚಿತ್ರವೆಂದರೆ, ಟಿ ಕೋಶ ಬಿಡುವ ಅದೇ ಇಂಟರ್‌ಫೆರಾನ್-ಗ್ಯಾಮಾ ಗಡ್ಡೆಯ ಮೇಲೆ ಪಿಡಿ-1 ಬ್ರೇಕ್ ಒತ್ತುವ ಪಿಡಿ-ಎಲ್1 ಪ್ರೋಟೀನ್ ಹೆಚ್ಚಿಸುತ್ತದೆ!

ಉತ್ತರ 2: ಪಿಡಿ-1 ಒಂದನ್ನೇ ಹಿಡಿದು ಕೂತರೆ ಅರ್ಧ ಕಥೆ ತಪ್ಪುತ್ತದೆ. ಗಡ್ಡೆ ಗ್ಲೂಕೋಸ್ ಕಬಳಿಸಿ ಲ್ಯಾಕ್ಟೇಟ್ ಹೊರಹಾಕುತ್ತದೆ. ಸುತ್ತಲಿನ ಪಿಎಚ್ 7.4ರಿಂದ 6.5–6.9ಕ್ಕೆ ಇಳಿದರೆ ಟಿ ಕೋಶದ ಕೆಲಸ ಕುಂಟುತ್ತದೆ. ರೋಗನಿರೋಧಕ ದಾಳಿಯನ್ನು ಹತ್ತಿಕ್ಕುವ ಟಿ-ರೆಗ್ ಕೋಶಗಳು ಟಿ ಕೋಶಗಳ ಬೆಳವಣಿಗೆಗೆ ಬೇಕಾದ ಐಎಲ್-2 ಹೀರಿಕೊಳ್ಳುತ್ತವೆ, ಸಿಟಿಎಲ್‌ಎ-4 ಗ್ರಾಹಕ ಬಳಸಿ, ಟಿ ಕೋಶಗಳಿಗೆ ಗುರಿ ತೋರಿಸುವ ಡೆಂಡ್ರೈಟಿಕ್ ಕೋಶಗಳಿಂದ ಅವನ್ನು ಸಕ್ರಿಯಗೊಳಿಸುವ ಸಿಡಿ80, ಸಿಡಿ86 ಕಿತ್ತುಕೊಳ್ಳುತ್ತವೆ. ಸಿಡಿ39, ಸಿಡಿ73 ಎಂಬ ಕಿಣ್ವಗಳು ಸೇರಿ ಕೋಶದ ಹೊರಗಿನ ಎಟಿಪಿಯನ್ನು ಅಡೆನೊಸಿನ್ ಆಗಿಸುತ್ತವೆ, ಅದು ಟಿ ಕೋಶದ ಎ2ಎ ಗ್ರಾಹಕದ ಮೂಲಕ ಇನ್ನೊಂದು ಬ್ರೇಕ್.

ಉತ್ತರ 3: ಎಂಎಚ್‌ಸಿ-1 (ಕೋಶದೊಳಗಿನ ಪ್ರೋಟೀನ್ ತುಣುಕುಗಳನ್ನು ಟಿ ಕೋಶಕ್ಕೆ ತೋರಿಸುವ ಅಣು) ಇದೆಯೇ ಎಂದು ಬಣ್ಣ ಹಾಕಿಯೂ ನೋಡಿಸಿ. ಇದಕ್ಕೆ ಬೇಕಾದ ಬಿ2ಎಂ ಜೀನ್ ಹಾಳಾಗಿದ್ದರೆ ಈ ಅಣು ಗಡ್ಡೆಕೋಶದ ಮೇಲ್ಮೈಗೆ ಬರುವುದೇ ಇಲ್ಲ. ಸಿಡಿ8 ಕೋಶಕ್ಕೆ ಗುರಿ ಕಾಣದು, ಔಷಧಿಯಿಂದ ಪಿಡಿ-1 ತಡೆದರೂ ಅಷ್ಟೇ. ಇನ್ನು, ಪೂರ್ತಿ ಸುಸ್ತಾದ ಕೋಶಗಳ ಎಪಿಜೆನೆಟಿಕ್ ಗುರುತು (ಯಾವ ಜೀನ್ ಚಾಲೂ, ಯಾವುದು ಬಂದ್ ಎಂಬ ಮುದ್ರೆ) ಈ ಔಷಧಿಯಿಂದ ಬಹುಮಟ್ಟಿಗೆ ಅಳಿಯದು. ಚಿಕಿತ್ಸೆಗೆ ಸ್ಪಂದಿಸಿ ವಿಭಜನೆಯಾಗುವುದು ಮುಖ್ಯವಾಗಿ ಟಿಸಿಎಫ್-1 (ಕಾಂಡಕೋಶದಂತೆ ಹೊಸ ಕೋಶ ಹುಟ್ಟಿಸುವ ಗುಣ ಕಾಯುವ ಪ್ರೋಟೀನ್) ಉಳಿಸಿಕೊಂಡ ಕೋಶಗಳು, ಎಣಿಸಬೇಕಾದ್ದು ಅವನ್ನು.