ಗ್ಯಾಪ್ ಜಂಕ್ಷನ್: ಸಂಧಿಯೋ, ಸಂದೋ, ಕಿಂಡಿಯೋ?

ಬಳಗದವರಿಗೆ ನಮಸ್ಕಾರ.

ಬಿಳಿ ರಕ್ತಕಣಗಳು ಸೋಂಕು ತಗುಲಿದ ಜಾಗವನ್ನು ಹುಡುಕಿಕೊಂಡು ಹೋಗುವ ಬಗೆಯ ಮೇಲೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಅದರಲ್ಲಿ 'ಗ್ಯಾಪ್ ಜಂಕ್ಷನ್' (ಅಕ್ಕಪಕ್ಕದ ಜೀವಕೋಶಗಳನ್ನು ಕೂಡಿಸುವ ಪುಟ್ಟ ದಾರಿಗಳಿರುವ ಜಾಗ) ಎಂಬ ಮಾತು ಹತ್ತಾರು ಕಡೆ ಬರುತ್ತದೆ. ಅದಕ್ಕೆ ಕನ್ನಡ ಪದ ಹುಡುಕುತ್ತಾ ಕರಡಿನಲ್ಲಿ 'ಸಂದು' ಎಂದು ಬರೆದಿದ್ದೆ. ಓದಿದ ಗೆಳತಿ ಕೇಳಿದಳು: "ಹಾಗಾದ್ರೆ ಬಿಳಿಕಣ ಈ ಸಂದಿನಲ್ಲೇ ತೂರಿಕೊಂಡು ರಕ್ತನಾಳದಿಂದ ಹೊರಗೆ ಬರುತ್ತಾ?" ಖಂಡಿತ ಇಲ್ಲ. ಆದರೆ ನನ್ನ ಪದ ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ವಿಷಯ ಇಷ್ಟು. ಅಕ್ಕಪಕ್ಕದ ಎರಡು ಜೀವಕೋಶಗಳ ಪೊರೆಗಳು 2ರಿಂದ 4 ನ್ಯಾನೋಮೀಟರ್‌ನಷ್ಟು ಹತ್ತಿರ ಬಂದ ಕಡೆ, ಒಂದರ ಒಳಗಿನಿಂದ ಇನ್ನೊಂದರ ಒಳಕ್ಕೆ ನೇರ ದಾರಿಗಳಿರುತ್ತವೆ. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ಬಳೆಯಂತೆ ಕೂತು ಒಂದು ಪೊರೆಯಲ್ಲಿ ಅರ್ಧ ದಾರಿ ಮಾಡುತ್ತವೆ. ಎದುರು ಪೊರೆಯ ಅರ್ಧ ಬಂದು ಕಚ್ಚಿಕೊಂಡರೆ ದಾರಿ ಪೂರ್ತಿಯಾಯಿತು. ಅದರಲ್ಲಿ ಹಾಯುವುದು ಅಯಾನುಗಳು ಮತ್ತು ಸುಮಾರು 1000 ಡಾಲ್ಟನ್ ತೂಕದವರೆಗಿನ ಪುಟ್ಟ ಅಣುಗಳು ಮಾತ್ರ. ಬಿಳಿಕಣದ ಅಡ್ಡಗಲವೋ ಆ ದಾರಿಯ ಸಾವಿರಾರು ಪಟ್ಟು!

ಹೆಸರಿನ 'ಗ್ಯಾಪ್' ಬಂದದ್ದು ಕಣ್ಣಿಗೆ ಕಂಡದ್ದರಿಂದ. 1967ರಲ್ಲಿ ವಿಜ್ಞಾನಿಗಳಾದ ರೆವೆಲ್ ಮತ್ತು ಕಾರ್ನೋವ್‌ಸ್ಕಿ ಇಲಿಯ ಹೃದಯ, ಯಕೃತ್ತುಗಳ ಅಂಗಾಂಶಕ್ಕೆ ಲ್ಯಾಂಥನಮ್ ಎಂಬ ಲೋಹದ ದ್ರಾವಣ ಊಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಂಟಿಕೊಂಡೇ ಇವೆ ಎನ್ನುವಂತಿದ್ದ ಪೊರೆಗಳ ನಡುವೆ ಸಣ್ಣ ಅಂತರ ಕಾಣಿಸಿತು. ಅಂದರೆ ಹೆಸರು ಹೇಳುವುದು ಆ ಅಂತರವನ್ನು. ನಿಜವಾದ ಕೆಲಸ ನಡೆಯುವುದು ಅದನ್ನು ದಾಟುವ ದಾರಿಯಲ್ಲಿ.

ಪದಕ್ಕೆ ಪದ ಇಟ್ಟು 'ಅಂತರ ಸಂಧಿ' ಎಂದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ವ್ಯಾಕರಣ ಓದಿದವರಿಗೆ ಸಂಧಿ ಎಂದರೆ ಎಡೆಯಿಲ್ಲದೆ ಕೂಡುವುದು. ಅದಕ್ಕೆ ಅಂತರ ಎಂಬ ವಿಶೇಷಣ ಹಚ್ಚಿದರೆ ಮಾತು ತನ್ನೊಡನೆ ತಾನೇ ಜಗಳವಾಡುತ್ತದೆ. 'ಸಂದು' ಹಿಡಿಸಿದ್ದು ಅದಕ್ಕೇ. 'ಮೈಯ ಸಂದುಸಂದೂ ನೋಯುತ್ತಿದೆ' ಎನ್ನುವಾಗ ಅದು ಕೂಡುವ ಜಾಗ, 'ಬಾಗಿಲ ಸಂದು' ಎನ್ನುವಾಗ ಬಿರುಕು. ಗ್ಯಾಪೂ ಜಂಕ್ಷನ್ನೂ ಒಂದೇ ಪದದಲ್ಲಿ! ಇಷ್ಟು ಒಳ್ಳೆಯ ಪದ ಕೈಬಿಡಲು ಮನಸ್ಸೇ ಬರುತ್ತಿಲ್ಲ. ಬೇರೆ ಬರಹವಾಗಿದ್ದರೆ ಬಿಡುತ್ತಲೂ ಇರಲಿಲ್ಲ. ತೊಡಕು ಈ ವಿಷಯದ್ದೇ: ಬಿಳಿಕಣಗಳು ರಕ್ತನಾಳದ ಒಳಗೋಡೆಯ ಕೋಶಗಳ ನಡುವೆ ನಿಜಕ್ಕೂ ನುಸುಳಿ ಹೊರಬರುತ್ತವೆ. ಆ ಎಡೆಗೂ 'ಸಂದು' ಎಂದೇ ಹೇಳಬೇಕು. ಒಂದೇ ಪುಟದಲ್ಲಿ ಎರಡು ಸಂದುಗಳಾದರೆ ಗೆಳತಿಯ ಪ್ರಶ್ನೆ ಹುಟ್ಟದೆ ಇನ್ನೇನಾದೀತು?

'ನಾಳ' ಎನ್ನೋಣವೆಂದರೆ ರಕ್ತನಾಳ ಅಲ್ಲೇ ಪಕ್ಕದಲ್ಲಿದೆ. ಈಗ 'ಕಿಂಡಿ' ಎಂಬಲ್ಲಿಗೆ ಬಂದು ನಿಂತಿದ್ದೇನೆ. ಪುಟ್ಟದು, ತೆರೆಯುತ್ತದೆ, ಮುಚ್ಚುತ್ತದೆ, ಆಳು ದಾಟುವಂಥದ್ದಲ್ಲ. ಎರಡು ಕೋಶಗಳ ನಡುವಿನದಕ್ಕೆ 'ಜೋಡಿ ಕಿಂಡಿ', ಜೊತೆ ಸಿಗದೆ ಒಂದೇ ಪೊರೆಯಲ್ಲಿ ಹೊರಕ್ಕೆ ತೆರೆದುಕೊಳ್ಳುವ ಹೆಮಿಚಾನೆಲ್‌ಗೆ 'ಬಿಡಿ ಕಿಂಡಿ'.

'ಹೆಮಿ' ಎಂದರೆ ಅರ್ಧ, ಆದರೂ 'ಅರೆ ಕಿಂಡಿ' ಬೇಡ ಎನ್ನಲು ಕಾರಣವಿದೆ. ಬಿಳಿಕಣಗಳ ಓಡಾಟದಲ್ಲಿ ಈ ಬಿಡಿಯದ್ದೇ ದೊಡ್ಡ ಪಾತ್ರ. ನ್ಯೂಟ್ರೋಫಿಲ್ ಎಂಬ ಬಿಳಿಕಣ ತನ್ನ ಎಟಿಪಿಯನ್ನು (ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಣು) ಇಂಥ ಕಿಂಡಿಯಿಂದ ಹೊರಕ್ಕೆ ಬಿಟ್ಟು, ಅದನ್ನು ತನ್ನದೇ ಮೈಮೇಲಿನ ಗ್ರಾಹಕ ಪ್ರೋಟೀನುಗಳಿಂದ ಹಿಡಿದು, ದಿಕ್ಕಿನ ಸುಳಿವನ್ನು ಹಿಗ್ಗಿಸಿಕೊಳ್ಳುತ್ತದೆ. ಸಾಯುತ್ತಿರುವ ಕೋಶವೂ ಪ್ಯಾನೆಕ್ಸಿನ್ ಎಂಬ ಇನ್ನೊಂದು ಪ್ರೋಟೀನಿನ ಕಿಂಡಿಯಿಂದ ಎಟಿಪಿ ಮತ್ತು ಅದರಂಥದೇ ಯುಟಿಪಿ ಚೆಲ್ಲಿ ಮಾನೋಸೈಟು ಎಂಬ ಬಿಳಿಕಣಗಳನ್ನು ತನ್ನತ್ತ ಕರೆಯುತ್ತದೆ. ಪ್ಯಾನೆಕ್ಸಿನ್ ಕಿಂಡಿಗಳು ಸಾಮಾನ್ಯವಾಗಿ ಜೋಡಿಯಾಗುವುದೇ ಇಲ್ಲ. ಪೂರ್ತಿ ಕೆಲಸ ಮಾಡುವುದನ್ನು ಅರೆ ಎಂದು ಕರೆದರೆ ಅನ್ಯಾಯವಲ್ಲವೇ? (ಸಮಾಸ ಮಾಡಿ 'ಬಿಡಿಗಿಂಡಿ' ಎಂದು ಬರೆದು ನೋಡಿದೆ. ನೀರಿನ ಗಿಂಡಿ ನೆನಪಾಗಿ ನಗು ಬಂತು, ಬಿಡಿಸಿಯೇ ಬರೆಯುತ್ತೇನೆ.)

ಇನ್ನು 'ಮೈಗ್ರೇಶನ್', ಅಂದರೆ ಬಿಳಿಕಣಗಳ ಈ ಓಡಾಟ. ಅದಕ್ಕೆ 'ವಲಸೆ' ಎಂದಿದ್ದೇನೆ. ವಲಸೆ ಎಂದರೆ ನೆಲೆ ಬಿಟ್ಟು ಇನ್ನೊಂದೆಡೆ ನೆಲೆಸುವುದು ಎಂಬ ಆಕ್ಷೇಪ ಬರಬಹುದು. ನ್ಯೂಟ್ರೋಫಿಲ್ ಹೆಚ್ಚಾಗಿ ಹೋದಲ್ಲೇ ಸಾಯುತ್ತದೆ, ಲಿಂಫೋಸೈಟು ಎಂಬ ಇನ್ನೊಂದು ಬಿಳಿಕಣ ದುಗ್ಧಗ್ರಂಥಿಗೆ ಹೋಗಿ ಮತ್ತೆ ರಕ್ತಕ್ಕೆ ಮರಳುತ್ತದೆ. ಆದರೆ ಮರಳಿ ಹೋಗುವ ಹಕ್ಕಿಗಳಿಗೂ ವಲಸೆ ಎಂದೇ ಹೇಳಿ ನಾವು ಆ ಪದವನ್ನು ಆಗಲೇ ಹಿಗ್ಗಿಸಿದ್ದೇವೆ. ಇದನ್ನು ಬದಲಿಸುವುದಿಲ್ಲ.

ನನಗೆ ಬೇಕಿರುವುದು ಎರಡು ಉತ್ತರ. 'ಜೋಡಿ ಕಿಂಡಿ' ಎಂದರೆ ಎದುರುಬದುರಾಗಿ ಒಂದಕ್ಕೊಂದು ಕೂಡಿಕೊಂಡದ್ದು ಎಂದು ಹೊಳೆಯುತ್ತದೆಯೇ, ಇಲ್ಲ ಪಕ್ಕಪಕ್ಕದ ಎರಡು ಕಿಂಡಿಗಳು ಕಣ್ಣಿಗೆ ಬರುತ್ತವೆಯೇ? 'ಬೆಸೆದ ಕಿಂಡಿ' ವಾಸಿಯೇ? ಮತ್ತೆ, ಈ ವಾಕ್ಯವನ್ನು ವಿಜ್ಞಾನ ಓದದ ಯಾರಿಗಾದರೂ ತೋರಿಸಿ, ಏನು ತಿಳಿಯಿತೆಂದು ಕೇಳಿ ಬರೆಯಿರಿ:

"ನ್ಯೂಟ್ರೋಫಿಲ್ ತನ್ನ ಬಿಡಿ ಕಿಂಡಿಗಳಿಂದ ಎಟಿಪಿ ಚೆಲ್ಲುತ್ತಾ ದಿಕ್ಕು ಹಿಡಿದು, ರಕ್ತನಾಳದ ಗೋಡೆಯ ಸಂದಿನಲ್ಲಿ ನುಸುಳಿ, ಸೋಂಕಿನತ್ತ ಸಾಗುತ್ತದೆ."