ಓಣಿ ಬಿಟ್ಟು ಬಡಾವಣೆಗೆ ಬಂದ ಮೇಲೆ ನೆರೆಹೊರೆ ಏಕೆ ದೂರವಾಯಿತು?

ಪ್ರಶ್ನೆ (ಕಲಬುರಗಿಯಿಂದ)
ಎಲ್ಲರಿಗೂ ಶರಣಾರ್ಥಿ. ಎರಡು ವರ್ಷಗಳ ಹಿಂದೆ ನಾವು ಬ್ರಹ್ಮಪುರದ ಓಣಿಯನ್ನು ಬಿಟ್ಟು, ರಿಂಗ್ ರಸ್ತೆಯಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದೆವು. ಓಣಿಯಲ್ಲಿ ಎದುರು ಮನೆಯ ಬಾಗಿಲು ಎಂಟು ಹತ್ತು ಹೆಜ್ಜೆಯಲ್ಲಿತ್ತು. ಬೇಸಿಗೆಯಲ್ಲಿ ಬಿಸಿಲು ಇಳಿದೊಡನೆ ನಮ್ಮ ಅವ್ವ ಶಹಾಬಾದ್ ಕಲ್ಲಿನ ಕಟ್ಟೆಗೆ ನೀರು ಚೆಲ್ಲಿ ತಂಪು ಮಾಡಿ ಕುಳಿತರೆ, ಕತ್ತಲಾಗುವಷ್ಟರಲ್ಲಿ ನಾಲ್ಕೈದು ಮಂದಿ ಬಂದು ಸೇರುತ್ತಿದ್ದರು. ಇಲ್ಲಿ ನಲವತ್ತು ಅಡಿಯ ನೇರ ರಸ್ತೆ, ಎತ್ತರದ ಕಂಪೌಂಡ್, ಗೇಟ್. ಎದುರು ಮನೆಯವರ ಹೆಸರು ಅವ್ವನಿಗೆ ಇನ್ನೂ ಗೊತ್ತಿಲ್ಲ. ಜನರ ಸ್ವಭಾವವೇ ಕೆಟ್ಟಿತು ಎಂದು ಬಂಧುಗಳು ಹೇಳುತ್ತಾರೆ; ಆದರೆ ಇಲ್ಲಿರುವವರೂ ಬಹುಪಾಲು ನಮ್ಮಂತೆಯೇ ಓಣಿಗಳಿಂದ ಬಂದವರು. ರಸ್ತೆಯ ವಿನ್ಯಾಸಕ್ಕೂ ಈ ಒಂಟಿತನಕ್ಕೂ ಸಂಬಂಧವಿದೆಯೇ?

ಉತ್ತರ (ಕಲಬುರಗಿಯಿಂದ, ನಗರ ಯೋಜನೆಯ ವಿದ್ಯಾರ್ಥಿ)
ಖಂಡಿತ ಇದೆ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ವಸತಿ ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನಗಳು ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಮಂದಿ ಗೆಳೆಯರೂ 6.3 ಮಂದಿ ಪರಿಚಿತರೂ ಇದ್ದರೆ, ಸುಮಾರು 16,000 ವಾಹನಗಳ ಬೀದಿಯಲ್ಲಿ ಅದು 0.9 ಮತ್ತು 3.1ಕ್ಕೆ ಇಳಿದಿತ್ತು. ಅಂಕಿಗಳಿಗಿಂತ ನನಗೆ ಹೆಚ್ಚು ನಾಟಿದ ಸಂಗತಿ ಇನ್ನೊಂದಿದೆ: ತಮ್ಮದೆನಿಸುವ ಜಾಗವನ್ನು ಗುರುತಿಸಲು ಕೇಳಿದಾಗ ಮೊದಲ ಬೀದಿಯವರು ಇಡೀ ಬೀದಿಯನ್ನೇ ತೋರಿಸಿದರು, ಕೊನೆಯ ಬೀದಿಯವರು ಹೆಚ್ಚಾಗಿ ತಮ್ಮ ಕಟ್ಟಡಕ್ಕೇ ನಿಂತರು. ನಮ್ಮ ಡೊಂಕು ಓಣಿಗಳೊಳಗೆ ಅಲ್ಲಿ ಕೆಲಸವಿಲ್ಲದ ವಾಹನ ಬರುವುದಿಲ್ಲ. ಎರಡೂ ತುದಿಗಳು ದೊಡ್ಡ ರಸ್ತೆಗೆ ಕೂಡುವ ಬಡಾವಣೆಯ ಬೀದಿಯಾದರೋ ಎಲ್ಲರಿಗೂ ಒಳದಾರಿಯಾಗುತ್ತದೆ.

ಉತ್ತರ (ಬೀದರ್‌ನಿಂದ)
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನೇರವಾದ ರಸ್ತೆಯೇ ತಪ್ಪಿತಸ್ಥನಲ್ಲ. ನಮ್ಮ ಹಳೆ ಊರಿನ ನಡುವಿನ ಚೌಬಾರಾ ಗೋಪುರದಿಂದ ಮಹಮೂದ್ ಗವಾನ್ ಮದರಸಾದ ಕಡೆಗೆ ಹೋಗುವ ರಸ್ತೆ ನೇರವಾಗಿಯೇ ಇದ್ದರೂ, ಅಲ್ಲಿ ಜನ ನಡೆದಾಡುವುದರಿಂದಲೂ ಅಂಗಡಿಗಳ ಮುಂದೆ ನಿಲ್ಲಲು ಕಾರಣಗಳಿರುವುದರಿಂದಲೂ ಮಾತುಕತೆ ನಡೆದೇ ಇರುತ್ತದೆ. ಓಣಿಯನ್ನು ನೆನೆಯುವಾಗ ಇನ್ನೊಂದನ್ನು ಮರೆಯಬಾರದು. ಹಲವು ಓಣಿಗಳಿಗೆ ಜಾತಿಯ ಹೆಸರೇ ಇತ್ತು. ಯಾರ ಕಟ್ಟೆಯ ಮೇಲೆ ಯಾರು ಕೂರಬಾರದು ಎಂಬುದು ಕೇಳದೆಯೇ ಎಲ್ಲರಿಗೂ ತಿಳಿದಿತ್ತು. ಬೇರೆ ಬೇರೆ ಸಮುದಾಯದವರು ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಳ್ಳುವುದು ಬಡಾವಣೆ ಕೊಟ್ಟ ದೊಡ್ಡ ಅವಕಾಶ. ಅವರೆಲ್ಲ ಕೂಡಿ ಕೂರಲು ಒಂದು ಜಾಗವನ್ನೂ ಬಿಡದೆ ನಕ್ಷೆ ಮಾಡಿದ್ದಾರಲ್ಲ ಎಂಬುದೇ ನನ್ನ ಕೊರಗು.

ಉತ್ತರ (ಯಾದಗಿರಿಯಿಂದ)
ಉದ್ಯಾನಕ್ಕೆಂದು ಬಿಟ್ಟ ಜಾಗ ನಿಮ್ಮ ಬಡಾವಣೆಯ ನಕ್ಷೆಯಲ್ಲಿ ಇದ್ದೀತು, ಮೊದಲು ಅದನ್ನು ನೋಡಿರಿ. ನಮ್ಮಲ್ಲಿ ಅಂಥ ಜಾಗದಲ್ಲಿ ಜಾಲಿ ಬೆಳೆದು ನಿಂತಿತ್ತು. ಏಳೆಂಟು ಮನೆಯವರು ಅನುಮತಿ ಪಡೆದು, ಸ್ವಚ್ಛಗೊಳಿಸಿ, ಬೇವಿನ ಗಿಡದ ಸುತ್ತ ಕಟ್ಟೆ ಕಟ್ಟಿಸಿದೆವು. ಈಗ ಹಿರಿಯರು ಸಂಜೆ ಅಲ್ಲಿಯೇ ಇರುತ್ತಾರೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಬೀದಿಯ ತುದಿಯಲ್ಲಿಯೂ ಒಂದು ಬೇವಿನ ಗಿಡವಿದೆ, ಕಾಯಿಪಲ್ಲೆಯ ಬಂಡಿ ಅದರ ನೆರಳಿನಲ್ಲಿ ನಿಲ್ಲುತ್ತದೆ. ಎದುರು ಮನೆಯವರು ಅವ್ವನೊಡನೆ ಒಮ್ಮೆ ಮಾತನಾಡಿದ್ದು ಅಲ್ಲಿಯೇ ಎಂದು ಈಗ ನೆನಪಾಗುತ್ತಿದೆ. ಈ ಭಾನುವಾರ ಅವರ ಮನೆಗೆ ಹೋಗಿ, ಅಲ್ಲಿ ಎರಡು ಕಲ್ಲು ಹಾಕಿಸುವ ಮಾತನ್ನು ಎತ್ತುತ್ತೇನೆ.