ಬೆಕ್ಕು ‘ಸರಿಯಾಗಿ ನಡೀತಿಲ್ಲ’ ಅಂದ್ರೆ ಯಾವ ನಡಿಗೆ?

ಒಂದು ಪದ ಕೇಳಬೇಕಿತ್ತು. ಒಂದಲ್ಲ, ಎರಡು.

ನಮ್ಮ ಮನೆ ಬೆಕ್ಕಿಗೆ ಶುಗರ್ ಬಂದು ಏಳು ತಿಂಗಳಾಯಿತು. (‘ಮಧುಮೇಹ’ ಅಂತ ನಮ್ಮಲ್ಲಿ ಮನುಷ್ಯರಿಗೇ ಯಾರೂ ಅನ್ನುವುದಿಲ್ಲ, ಇನ್ನು ಬೆಕ್ಕಿಗೆ ಅಂತೀವಾ.) ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ನಾನು ಊರಲ್ಲಿಲ್ಲದಾಗ ಅಮ್ಮ ನೋಡಿಕೊಳ್ಳುತ್ತಾರೆ. ಅವರಿಗೆಂದು ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಎಷ್ಟು ನೀರು ಕುಡಿಯಿತು, ಉಚ್ಚೆ ಮಾಡುವ ಮರಳು ಎಷ್ಟು ಸಲ ಒದ್ದೆಯಾಗಿತ್ತು, ಕಿವಿಯಂಚಿಗೆ ಸೂಜಿ ಚುಚ್ಚಿದಾಗ ಮೀಟರಿನಲ್ಲಿ ಎಷ್ಟು ಬಂತು. ಇದನ್ನೆಲ್ಲ ಬರೆಯಲು ಕನ್ನಡ ಎಲ್ಲೂ ತಡೆಯಲಿಲ್ಲ. ತಡೆದದ್ದು ನಡಿಗೆ.

ಹೋದ ತಿಂಗಳು ಅಮ್ಮ ಫೋನ್ ಮಾಡಿ, “ಬೆಕ್ಕು ಸರಿಯಾಗಿ ನಡೀತಿಲ್ಲ ಕಣೋ” ಅಂದರು. ಎದೆ ಧಸಕ್ಕೆಂದಿತು. ಶುಗರ್ ಇರುವ ಬೆಕ್ಕು ಎರಡು ಥರ ಸರಿಯಾಗಿ ನಡೆಯದೇ ಇರಬಹುದು. ಶುಗರ್ ಬಹಳ ದಿನ ಜಾಸ್ತಿಯೇ ಇದ್ದರೆ ಹಿಂಗಾಲಿನ ನರ ಸೋಲುತ್ತದೆ, ಪಾದ ಪೂರ್ತಿ ನೆಲಕ್ಕೆ ತಾಗಿಸಿ ನಡೆಯುತ್ತದೆ. ಅದಕ್ಕೆ ನಾಳೆ ಡಾಕ್ಟರ ಹತ್ತಿರ ಹೋದರೂ ಆದೀತು. ಇನ್ನೊಂದು, ಇನ್ಸುಲಿನ್ ಹೆಚ್ಚಾಗಿ ಶುಗರ್ ದಿಢೀರ್ ಇಳಿದದ್ದು. ಆಗ ಕುಡಿದವರ ಹಾಗೆ ಅತ್ತಿತ್ತ ವಾಲುತ್ತದೆ. ಮೀಟರ್ 60ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ತಿನ್ನಿಸಬೇಕು, ತಿನ್ನದಿದ್ದರೆ ಒಸಡಿಗೆ ಜೇನು ಸವರಿ ಡಾಕ್ಟರಿಗೆ ಫೋನ್ ಮಾಡಬೇಕು.

ಅವತ್ತು ಆಗಿದ್ದು ಮೊದಲನೆಯದು. ಅದು ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ಅಮ್ಮನೇ, “ಮೊಲ ಕೂತ ಹಾಗೆ ಕಾಲು ಚಪ್ಪಟೆ ಇಟ್ಕೊಂಡು ಹೋಗುತ್ತೆ” ಅಂದಮೇಲೆ ಉಸಿರು ಬಂತು.

ಹಾಳೆಯಲ್ಲಿ ‘ಹಿಮ್ಮಡಿ ಊರಿ ನಡೆಯುವುದು’ ಅಂತ ಬರೆದೆ. “ಬೆಕ್ಕಿಗೆಲ್ಲಿ ಹಿಮ್ಮಡಿ?” ಅಂತ ಅಮ್ಮ ನಕ್ಕರು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುತ್ತದಲ್ಲ, ಆ ಕೀಲನ್ನು ಅವರು ಮಂಡಿ ಅನ್ನುತ್ತಾರೆ. ನಿಜವಾಗಿ ಅದೇ ಹಿಮ್ಮಡಿ. ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕ ಇದೆ. ನಾವು ಏನಾದರೂ ಬೇಕಾದಾಗ ಮಾತ್ರ ತುದಿಗಾಲಲ್ಲಿ ನಿಲ್ಲುತ್ತೇವೆ, ಬೆಕ್ಕು ಹುಟ್ಟಿದಾಗಿನಿಂದ ತುದಿಗಾಲೇ! ಆದರೂ ಗಾಬರಿಯ ಹೊತ್ತಲ್ಲಿ ಅಮ್ಮನಿಗೆ ಹೊಳೆಯದ ಪದ ಸರಿಯಿದ್ದು ಏನು ಪ್ರಯೋಜನ?

ಎರಡನೆಯದಕ್ಕೆ ‘ತೂರಾಡು’ ಅಂದರೆ ಹೆಂಡದ ವಾಸನೆ. ‘ಓಲಾಡು’ ಆನೆಗೆ ಚೆಂದ, ಅದರಲ್ಲಿ ಅಪಾಯವೇ ಕೇಳಿಸುವುದಿಲ್ಲ. ‘ಬವಳಿ’ ಬರುವಷ್ಟರಲ್ಲಿ ತಡವಾಗಿರುತ್ತದೆ. ಸದ್ಯಕ್ಕೆ ‘ಜೋಲಿ ಹೊಡೆಯುವುದು’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮೊದಲನೆಯದಕ್ಕೆ ಅಮ್ಮನ ‘ಮೊಲದ ಕಾಲು’.

ದನ ಕಟ್ಟುವ ಮನೆಯವರು ಇದ್ದರೆ ಹೇಳಿ: ಹಸುವಿನ ಹಿಂಗಾಲಿನ ಆ ಚೂಪು ಕೀಲಿಗೆ ನಿಮ್ಮ ಕಡೆ ಏನಂತಾರೆ? ಮಂಡಿಯಿಂದ ಬೇರೆ ಮಾಡಿ ಹೇಳುವ ಪದ ಇದೆಯಾ? ‘ಜೋಲಿ’ ಅಂದರೆ ನಿಮ್ಮೂರಲ್ಲಿ ಮಗುವಿನ ತೊಟ್ಟಿಲೇ ಮೊದಲು ನೆನಪಾಗುವುದಾದರೆ ಅದನ್ನೂ ತಿಳಿಸಿ, ಹಾಳೆ ತಿದ್ದುತ್ತೇನೆ.